ಅಡಗಿಸುವ ಕಲೆ: ಮಕ್ಕಳು ಮನೆಯಲ್ಲಿ ರಚಿಸುವ ಹುಡುಕಾಟದ ಚಿತ್ರಗಳು ಮತ್ತು ಅವುಗಳ ಹಿಂದಿನ ಇತಿಹಾಸ



ಇಂದಿನ ಉಪನ್ಯಾಸಕ್ಕೆ ನಾವು ಆರಿಸಿಕೊಂಡಿರುವ ವಿಷಯ ಮೇಲುನೋಟಕ್ಕೆ ಬಹಳ ಸಣ್ಣದು. ಸೆಂಟರ್‌ವಿಲ್‌ನಲ್ಲಿ ಹಿಮ ಬಿದ್ದು ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ನಮ್ಮ ಮಕ್ಕಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಒಂದು ಕಾಡನ್ನೋ ಸಂತೆಯನ್ನೋ ಬರೆದು, ಅದರೊಳಗೆ ಹತ್ತು ಹನ್ನೆರಡು ವಸ್ತುಗಳನ್ನು ಅಡಗಿಸಿ, ಪಕ್ಕದಲ್ಲಿ ಪಟ್ಟಿ ಮಾಡಿ, ‘ಹುಡುಕಿ ನೋಡೋಣ’ ಎಂದು ಹಿರಿಯರಿಗೆ ಸವಾಲು ಹಾಕುವುದನ್ನು ತಾವೆಲ್ಲರೂ ಕಂಡಿದ್ದೀರಿ. ಇದಕ್ಕೆ ಕನ್ನಡದಲ್ಲಿ ನೆಲೆಗೊಂಡ ಹೆಸರಿಲ್ಲವಾದ್ದರಿಂದ, ಮಾತಿನ ಅನುಕೂಲಕ್ಕೆ ‘ಅಡಗುಚಿತ್ರ’ವೆಂದು ಕರೆಯೋಣ.

ಇದು ಅಮೆರಿಕದ ಮಾಸಪತ್ರಿಕೆಗಳಿಂದ ನಮ್ಮ ಮಕ್ಕಳು ಕಲಿತ ಆಟವೆಂದು ಅನೇಕರು ತಿಳಿದಿದ್ದಾರೆ. ಭಾಗಶಃ ಅದು ನಿಜ. ಆದರೆ ಅಡಗಿಸಿ ಹುಡುಕಿಸುವ ಕಲೆ ಕನ್ನಡ ನಾಡಿಗೆ ಹೊಸತಲ್ಲ. ಕಲ್ಲಿನಲ್ಲಿ, ಪದ್ಯದಲ್ಲಿ, ಅಂಕಿಯಲ್ಲಿ, ಮದುವೆಯ ಮನೆಯ ಮಾತಿನಲ್ಲಿ ಅದು ಸಾವಿರ ವರ್ಷಕ್ಕೂ ಮಿಕ್ಕು ಬಾಳಿದೆ. ಈ ಎರಡು ಧಾರೆಗಳೂ ನಮ್ಮ ಮಕ್ಕಳ ಹಾಳೆಯ ಮೇಲೆ ಕೂಡುತ್ತಿವೆ. ಆ ಕೂಟದಿಂದ ನಮಗೆ ಆಗಬಹುದಾದ ಪ್ರಯೋಜನವೇನು, ಅದನ್ನು ಅಲಕ್ಷಿಸಿದರೆ ನಾವು ಕಳೆದುಕೊಳ್ಳುವುದೇನು ಎಂಬುದೇ ಇಂದಿನ ವಿಚಾರ.

ಕಲ್ಲಿನಲ್ಲಿ ಅಡಗಿದ್ದು

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದನು. ಅದರ ಒಳಗಿನ ನರಸಿಂಹ ಕಂಬವನ್ನು ತಾವು ನೋಡಿರಬಹುದು. ಮೇಲಿನಿಂದ ಕೆಳಗಿನವರೆಗೆ ಪುಟ್ಟ ಪುಟ್ಟ ಮೂರ್ತಿಗಳಿಂದ ತುಂಬಿಹೋದ ಆ ಕಂಬದಲ್ಲಿ ‘ಕಡಲೆ ಬಸವ’ ಎಂದು ಜನ ಕರೆಯುವ ಒಂದು ಕಿರಿದಾದ ಬಸವನಿದ್ದಾನೆ. ಹೆಸರೇ ಹೇಳುವಂತೆ ಅವನ ಗಾತ್ರ ಕಡಲೆಕಾಳಿನಷ್ಟು. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳಿಗೆ ಅವನನ್ನು ಹುಡುಕುವುದೇ ಒಂದು ಸಂಭ್ರಮ. ಅದೇ ದೇವಾಲಯದ ಹೊರಗೆ ಮದನಿಕೆಯರ ತಲೆಯ ಮೇಲಿನ ಬಳ್ಳಿಯ ಹಂದರವೊಂದರಲ್ಲಿ ಹಣ್ಣಿನ ಮೇಲೆ ಕುಳಿತ ನೊಣವಿದೆ. ಅದರ ಕಡೆಗೆ ಹೊಂಚುಹಾಕಿರುವ ಹಲ್ಲಿಯಿದೆ. ಮದನಿಕೆಯ ಚೆಲುವಿಗೆ ಸೋತು ಮುಂದೆ ನಡೆದವನಿಗೆ ಇವೆರಡೂ ಕಾಣುವುದಿಲ್ಲ. ನಿಂತು ನೋಡಿದವನಿಗೆ ಮಾತ್ರ ಕಾಣುತ್ತವೆ.

ಈ ಮದನಿಕೆಯರಲ್ಲಿ ಕೆಲವರ ಪೀಠದ ಮೇಲೆ ಶಿಲ್ಪಿಗಳ ಹೆಸರಿದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಅವರಲ್ಲಿ ಪ್ರಸಿದ್ಧರು. ತಂದೆ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದರೆಂಬುದನ್ನು ನಾವು ಮರೆಯಬಾರದು. ಕೌಶಲವು ಮನೆಯಲ್ಲಿ, ಕೈಯಿಂದ ಕೈಗೆ, ಹಿರಿಯನು ಮಾಡಿದ್ದನ್ನು ಕಿರಿಯನು ನೋಡುತ್ತಾ ಬೆಳೆದದ್ದು.

ಅಡಗಿಸುವ ಇನ್ನೊಂದು ರೀತಿಯೂ ನಮ್ಮ ಶಿಲ್ಪದಲ್ಲಿದೆ. ತಮಿಳುನಾಡಿನ ದಾರಾಸುರದ ಐರಾವತೇಶ್ವರ ದೇವಾಲಯದಲ್ಲಿಯೂ, ವಿಜಯನಗರದ ಕಾಲದ ವೆಲ್ಲೂರಿನ ಜಲಕಂಠೇಶ್ವರ ದೇವಾಲಯದಲ್ಲಿಯೂ ಆನೆ ಮತ್ತು ಎತ್ತು ಒಂದೇ ತಲೆಯನ್ನು ಹಂಚಿಕೊಂಡಿರುವ ಶಿಲ್ಪವಿದೆ. ಒಂದು ಬದಿಯ ದೇಹವನ್ನು ಕೈಯಿಂದ ಮುಚ್ಚಿದರೆ ಆನೆ. ಇನ್ನೊಂದು ಬದಿಯನ್ನು ಮುಚ್ಚಿದರೆ ಎತ್ತು. ಅಜಂತೆಯ 1ನೆಯ ಗುಹೆಯ ಕಂಬದಲ್ಲಿ ನಾಲ್ಕು ಜಿಂಕೆಗಳ ದೇಹಕ್ಕೆ ತಲೆ ಒಂದೇ. ಬೇಲೂರಿನ ಬಸವನು ಬಹುವಸ್ತುಗಳ ನಡುವೆ ಕಳೆದುಹೋದವನು. ದಾರಾಸುರದ ಎತ್ತು ಆನೆಯ ರೇಖೆಯೊಳಗೇ ಸೇರಿಹೋದದ್ದು. ಒಂದರಲ್ಲಿ ಜನಜಂಗುಳಿಯೇ ಮರೆ, ಇನ್ನೊಂದರಲ್ಲಿ ರೂಪವೇ ಮರೆ. ಇಂದಿನ ಮಕ್ಕಳ ಅಡಗುಚಿತ್ರಗಳೆಲ್ಲವೂ ಈ ಎರಡು ಬಗೆಗಳಲ್ಲಿ ಒಂದಕ್ಕೆ ಸೇರುತ್ತವೆ.

ಮಾತಿನಲ್ಲಿ ಅಡಗಿದ್ದು

ಕಲ್ಲಿಗಿಂತ ಮೊದಲೇ ಮಾತು ಈ ಆಟವನ್ನು ಆಡಿತ್ತು. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಆಧರಿಸಿ ಶಬ್ದಾಲಂಕಾರಗಳನ್ನು ವಿವರಿಸುತ್ತದೆ. ಅಕ್ಷರಗಳನ್ನು ಚಕ್ರದ, ಮದ್ದಳೆಯ, ನಡೆಯುವ ಹಸುವಿನ ಮೂತ್ರದ ಗೆರೆಯ ಆಕಾರದಲ್ಲಿ ಜೋಡಿಸಿ ಓದಿಸುವ ಚಿತ್ರಕಾವ್ಯ ಆ ಪರಂಪರೆಯದು. ಚದುರಂಗದ ಕುದುರೆಯ ನಡೆಯನ್ನು ಅನುಸರಿಸಿ ಅಕ್ಷರಗಳನ್ನು ಆಯುತ್ತಾ ಹೋದರೆ ಪದ್ಯ ಹೊರಬರುವ ತುರಗಪದ ಬಂಧವನ್ನು ಕಾಶ್ಮೀರದ ರುದ್ರಟನು 9ನೆಯ ಶತಮಾನದಲ್ಲಿಯೇ ತೋರಿಸಿದ್ದನು. ಸಾವಿರ ವರ್ಷಗಳ ತರುವಾಯ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಅದೇ ಕುದುರೆಯ ನಡೆಯ ಸಮಸ್ಯೆಯಲ್ಲಿ ಮನಸ್ಸಿಟ್ಟು, 64 ಮನೆಗಳನ್ನೂ ಒಮ್ಮೊಮ್ಮೆ ಮುಟ್ಟಿಬರುವ ದಾರಿಗಳನ್ನು ರಚಿಸಿದರು. ಅವರ ಹೆಸರಿನ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಒಂದು ಕೌತುಕನಿಧಿ. ಅದು ಆಟಗಳಿಗೇ ಮೀಸಲು. ರಾಜ್ಯಾಡಳಿತವನ್ನು 1831ರಲ್ಲಿ ಬ್ರಿಟಿಷರು ಕಸಿದುಕೊಂಡ ಮೇಲೂ ಆ ಅರಸರು ಚದುರಂಗ, ಗಂಜೀಫ, ಪಗಡೆಗಳ ಲೋಕದಲ್ಲಿ ಅರಸರಾಗಿಯೇ ಉಳಿದರು.

ಅಂಕಿಯಲ್ಲಿ ಅಕ್ಷರವನ್ನು ಅಡಗಿಸಿದ್ದಕ್ಕೆ ಸಿರಿಭೂವಲಯವು ವಿಚಿತ್ರ ಉದಾಹರಣೆ. ಕುಮುದೇಂದು ಮುನಿಯದೆಂದು ಹೇಳಲಾಗುವ ಈ ಗ್ರಂಥದಲ್ಲಿ ಅಕ್ಷರವೇ ಇಲ್ಲ. 27 ಅಡ್ಡ, 27 ಉದ್ದದ ಚೌಕಗಳಲ್ಲಿ 1ರಿಂದ 64ರವರೆಗಿನ ಅಂಕಿಗಳಷ್ಟೇ ಇವೆ. ಯಾವ ದಾರಿಯಲ್ಲಿ ಓದಬೇಕೆಂದು ತಿಳಿದರೆ ಸಾಂಗತ್ಯದ ಪದ್ಯ ಹೊರಡುತ್ತದೆಂದು ಅದನ್ನು 1953ರಲ್ಲಿ ಪ್ರಕಟಿಸಿದವರು ಹೇಳಿದರು. ಅದರ ಕಾಲವನ್ನೂ ಸಾಚಾತನವನ್ನೂ ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕರ್ನಾಟಕ ಸಂಗೀತವನ್ನು ಕಲಿಯುತ್ತಿರುವ ಇಲ್ಲಿನ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆಯಿದೆ. ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಲ್ಲಿ ಕಟಪಯಾದಿ ಕ್ರಮದಿಂದ ಆ ರಾಗದ ಸಂಖ್ಯೆ ಅಡಗಿದೆ. ಮಾಯಾಮಾಳವಗೌಳದಲ್ಲಿ ‘ಮಾ’ ಎಂದರೆ 5, ‘ಯಾ’ ಎಂದರೆ 1, ತಿರುಗಿಸಿದರೆ 15. ಧೀರಶಂಕರಾಭರಣದಲ್ಲಿ 9 ಮತ್ತು 2, ತಿರುಗಿಸಿದರೆ 29. ಸರಳೆ ವರಸೆಯನ್ನು ಹಾಡುವ ಮಗುವಿನ ಬಾಯಲ್ಲಿ ಅಡಗಿಕೊಂಡಿರುವ ಸಂಖ್ಯೆಯಿದು.

ಇದೆಲ್ಲ ಪಂಡಿತರ ಮಾತಾಯಿತು. ಜನಸಾಮಾನ್ಯರಲ್ಲಿ ಒಗಟು ಇತ್ತು, ವಚನಕಾರರಲ್ಲಿ ಬೆಡಗು ಇತ್ತು, ಕನಕದಾಸರಲ್ಲಿ ಮುಂಡಿಗೆ ಇತ್ತು. ಉತ್ತರ ಕರ್ನಾಟಕದ ಮದುವೆಯ ಮನೆಗಳಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳದೆ ಪದ್ಯದ ಸಾಲಿನಲ್ಲಿ ಸೇರಿಸಿ ಹೇಳುವ ಒಡಪು ಇಂದಿಗೂ ಇದೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಒಗಟು ವಸ್ತುವಿನ ಲಕ್ಷಣವನ್ನು ತೆರೆದಿಟ್ಟು ಹೆಸರನ್ನು ಮುಚ್ಚುತ್ತದೆ. ಅಡಗುಚಿತ್ರವು ಹೆಸರನ್ನು ಪಟ್ಟಿಯಲ್ಲಿ ತೆರೆದಿಟ್ಟು ವಸ್ತುವನ್ನು ಮುಚ್ಚುತ್ತದೆ. ಎರಡೂ ಒಂದೇ ಬಾಗಿಲಿನ ಎರಡು ಕದಗಳು. ಎರಡಕ್ಕೂ ಬೇಕಾದದ್ದು ಹೆಸರು ಮತ್ತು ವಸ್ತು ಇವೆರಡರ ಗಟ್ಟಿಯಾದ ಪರಿಚಯ.

ಪಶ್ಚಿಮದ ಧಾರೆ

ಈಗ ನಾವು ಬಂದು ನೆಲೆಸಿರುವ ನಾಡಿನ ಕಡೆಗೆ ತಿರುಗೋಣ. 19ನೆಯ ಶತಮಾನದಲ್ಲಿ ಅಚ್ಚಿನ ಚಿತ್ರಗಳು ಅಗ್ಗವಾದಾಗ ಯೂರೋಪಿನಲ್ಲಿಯೂ ಅಮೆರಿಕದಲ್ಲಿಯೂ ಅಡಗುಚಿತ್ರಗಳು ಮನೆಮನೆಗೆ ಬಂದವು. ನ್ಯೂಯಾರ್ಕಿನ ಕರಿಯರ್ ಮತ್ತು ಐವ್ಸ್ ಸಂಸ್ಥೆ 1872ರಲ್ಲಿ ಪ್ರಕಟಿಸಿದ ಒಂದು ಚಿತ್ರದಲ್ಲಿ ಕಾಡಿನ ನಡುವೆ ದಿಕ್ಕುಗಾಣದ ನರಿಯೊಂದು ನಿಂತಿದೆ. ಸುತ್ತಲಿನ ಮರಗಳ ತೊಗಟೆಯಲ್ಲಿ, ಕೊಂಬೆಗಳ ಸಂದಿಯಲ್ಲಿ ಪ್ರಾಣಿಗಳೂ ಮನುಷ್ಯರ ಮುಖಗಳೂ ಅಡಗಿವೆ. ನಮ್ಮ ಗಜವೃಷಭದ ದೂರದ ನೆಂಟನೆಂದು ಅದನ್ನು ಕರೆಯಬಹುದು.

1946ರಲ್ಲಿ ಪೆನ್ಸಿಲ್ವೇನಿಯದ ಹೋನ್ಸ್‌ಡೇಲ್ ಎಂಬ ಸಣ್ಣ ಊರಿನಲ್ಲಿ ಗ್ಯಾರಿ ಮೈಯರ್ಸ್ ಮತ್ತು ಕ್ಯಾರೊಲಿನ್ ಮೈಯರ್ಸ್ ದಂಪತಿಗಳು ‘ಹೈಲೈಟ್ಸ್’ ಮಾಸಪತ್ರಿಕೆಯನ್ನು ಆರಂಭಿಸಿದರು. ಅದರ ಅಡಗುಚಿತ್ರದ ಪುಟವನ್ನು ಹಲ್ಲುವೈದ್ಯರ ಕಾಯುವ ಕೋಣೆಯಲ್ಲಿ ನೋಡದ ಅಮೆರಿಕದ ಮಗುವಿಲ್ಲವೆಂದೇ ಹೇಳಬೇಕು. 1974ರಲ್ಲಿ ರಿಚರ್ಡ್ ಸ್ಕ್ಯಾರಿ ತನ್ನ ವಾಹನಗಳ ಪುಸ್ತಕದ ಪುಟಪುಟದಲ್ಲಿ ಹಳದಿ ಬಣ್ಣದ ಪುಟ್ಟ ಹುಳುವನ್ನು ಅಡಗಿಸಿದನು. 1987ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಹ್ಯಾಂಡ್‌ಫರ್ಡ್ ಪಟ್ಟೆಯ ಅಂಗಿ ತೊಟ್ಟ ವಾಲಿಯನ್ನು ಜನಜಂಗುಳಿಯಲ್ಲಿ ಬಿಟ್ಟನು. ಅಮೆರಿಕಕ್ಕೆ ಬರುವಾಗ ಅವನು ವಾಲ್ಡೊ ಆದನು. 1992ರಲ್ಲಿ ಜೀನ್ ಮಾರ್ಜೊಲೊ ಅವರ ಪ್ರಾಸದ ಸಾಲುಗಳೊಂದಿಗೆ ವಾಲ್ಟರ್ ವಿಕ್ ಅವರ ಛಾಯಾಚಿತ್ರಗಳ ‘ಐ ಸ್ಪೈ’ ಬಂದಿತು. ಗುಂಡಿ, ಗೋಲಿ, ದಾರದುಂಡೆ, ಮುರಿದ ಆಟಿಕೆ ಇವನ್ನೆಲ್ಲ ಹರಡಿ ತೆಗೆದ ಆ ಚಿತ್ರಗಳು, ಚಿತ್ರ ಬರೆಯಲು ಬಾರದ ಮಗುವೂ ಅಡಗುಚಿತ್ರವನ್ನು ರಚಿಸಬಹುದೆಂದು ತೋರಿಸಿಕೊಟ್ಟವು.

ಮನಃಶಾಸ್ತ್ರಜ್ಞರೂ ಈ ಆಟವನ್ನು ಗಂಭೀರವಾಗಿ ತೆಗೆದುಕೊಂಡರು. ಸರಳ ಆಕೃತಿಯೊಂದು ಸಂಕೀರ್ಣ ಆಕೃತಿಯೊಳಗೆ ಹೇಗೆ ಕಾಣೆಯಾಗುತ್ತದೆಂಬುದನ್ನು ಜರ್ಮನಿಯ ಕುರ್ಟ್ ಗೊಟ್‌ಶಾಲ್ಟ್ 1926ರಲ್ಲಿ ಪರೀಕ್ಷಿಸಿದನು. ಅದನ್ನು ಆಧರಿಸಿ ಹರ್ಮನ್ ವಿಟ್‌ಕಿನ್ 1950ರಲ್ಲಿ ಪ್ರಸಿದ್ಧವಾದ ಒಂದು ಪರೀಕ್ಷೆಯನ್ನು ರೂಪಿಸಿದನು. ನಮಗೆ ಇನ್ನೂ ಮುಖ್ಯವಾದದ್ದು 2013ರಲ್ಲಿ ಗ್ಯಾರಿ ಲುಪ್ಯಾನ್ ಮತ್ತು ಎಮಿಲಿ ವಾರ್ಡ್ ಪ್ರಕಟಿಸಿದ ಸಂಶೋಧನೆ. ಕಣ್ಣಿಗೆ ಕಾಣದಂತೆ ಮರೆಮಾಡಿದ ವಸ್ತುವಿನ ಚಿತ್ರವು, ಅದರ ಹೆಸರನ್ನು ಮೊದಲೇ ಕೇಳಿಸಿದಾಗ, ಹೆಚ್ಚು ಬಾರಿ ಗೋಚರವಾಯಿತೆಂದು ಅವರು ಪ್ರಯೋಗದಿಂದ ತೋರಿಸಿದರು. ಹೆಸರು ಕಣ್ಣಿಗೆ ದಾರಿ ತೋರುತ್ತದೆ. ಈ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕೆಂದು ಕೋರುತ್ತೇವೆ.

ನಮ್ಮ ಊರಿನ ಮರದ ತೋಪುಗಳು

ಅಡಗಿಸುವ ಕಲೆಯ ಚರಿತ್ರೆಯಲ್ಲಿ ಸೆಂಟರ್‌ವಿಲ್‌ಗೇ ಒಂದು ಪುಟವಿದೆಯೆಂದರೆ ಮಕ್ಕಳಿಗೆ ಸಂತೋಷವಾದೀತು. 1792ರಲ್ಲಿ ಸ್ಥಾಪಿತವಾದ ಈ ಊರು 1861ರ ಜುಲೈನಲ್ಲಿ ಸಮೀಪದ ಮನಾಸಸ್‌ನಲ್ಲಿ ನಡೆದ ಕದನದ ಬಳಿಕ ದಕ್ಷಿಣದ ಸೈನ್ಯದ ಚಳಿಗಾಲದ ಬೀಡಾಯಿತು. ಜನರಲ್ ಜೋಸೆಫ್ ಜಾನ್‌ಸ್ಟನ್‌ನ ಬಳಿ ಕೋಟೆಗೋಡೆಗಳಿಗೆ ಸಾಕಾಗುವಷ್ಟು ಫಿರಂಗಿಗಳಿರಲಿಲ್ಲ. ಮರದ ದಿಮ್ಮಿಗಳನ್ನು ಕೆತ್ತಿ, ಕಪ್ಪು ಬಣ್ಣ ಬಳಿದು, ಮಣ್ಣುಗೋಡೆಯ ಕಿಂಡಿಗಳಲ್ಲಿ ತೋಪುಗಳಂತೆ ಇಡಿಸಿದನು. ಯುದ್ಧವನ್ನು ಒಲ್ಲದ ಕ್ವೇಕರ್ ಪಂಥದವರ ಹೆಸರಿನಿಂದ ಇವನ್ನು ‘ಕ್ವೇಕರ್ ತೋಪು’ಗಳೆಂದು ಜನ ವಿನೋದದಿಂದ ಕರೆದರು. ಎದುರಾಳಿಯ ಬಲವನ್ನು ಬಹಳ ದೊಡ್ಡದೆಂದು ಭಾವಿಸಿದ್ದ ಉತ್ತರದ ಜನರಲ್ ಮೆಕ್ಲೆಲನ್ ತಿಂಗಳುಗಟ್ಟಲೆ ಮುಂದೊತ್ತಲಿಲ್ಲ. 1862ರ ಮಾರ್ಚಿಯಲ್ಲಿ ದಕ್ಷಿಣದ ಸೈನ್ಯ ಸದ್ದಿಲ್ಲದೆ ಹಿಂದೆ ಸರಿದ ಮೇಲೆ ಒಳಗೆ ಬಂದ ಉತ್ತರದ ಸೈನಿಕರಿಗೆ ಸಿಕ್ಕಿದ್ದು ಮರದ ದಿಮ್ಮಿಗಳು. ಅದೇ ತಿಂಗಳು ಜಾರ್ಜ್ ಬರ್ನಾರ್ಡ್ ತೆಗೆದ ಅವುಗಳ ಛಾಯಾಚಿತ್ರಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ.

ಯುದ್ಧದ ವಂಚನೆಯನ್ನು ಮಕ್ಕಳ ಆಟದೊಂದಿಗೆ ಸಮನಾಗಿಸುವ ಉದ್ದೇಶ ನಮಗಿಲ್ಲ. ದಕ್ಷಿಣದವರ ಪಕ್ಷ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೊರಟ ಪಕ್ಷವೆಂಬುದನ್ನೂ ಮಕ್ಕಳಿಗೆ ಹೇಳಲೇಬೇಕು. ಆದರೆ ಆ ದಿಮ್ಮಿಗಳಿಂದ ಒಂದು ತತ್ತ್ವ ತಿಳಿಯುತ್ತದೆ: ಅಡಗಿಸುವವನು ವಸ್ತುವನ್ನು ಬಲ್ಲರೆ ಸಾಲದು, ನೋಡುವವನ ಕಣ್ಣನ್ನೂ ಬಲ್ಲವನಾಗಿರಬೇಕು. ದೂರದಿಂದ ನೋಡುವವನಿಗೆ ಏನು ಕಾಣುತ್ತದೆ, ಅವನು ಏನನ್ನು ನಿರೀಕ್ಷಿಸುತ್ತಾನೆ, ಎಲ್ಲಿ ಕಣ್ಣು ನಿಲ್ಲಿಸುತ್ತಾನೆ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಮನೆಯಲ್ಲಿ ನಡೆಯುವುದು

ಮಕ್ಕಳು ಇದನ್ನು ಯಾರೂ ಹೇಳಿಕೊಡದೆ ಕಂಡುಕೊಳ್ಳುತ್ತಾರೆ. ಐದು ವರ್ಷದ ಮಗು ಮೊದಲು ವಸ್ತುಗಳನ್ನು ಬರೆದು ಅವುಗಳ ಮೇಲೆ ಗೀಚಿ ಮುಚ್ಚುತ್ತದೆ. ಆಗ ಯಾರಿಗೂ ಏನೂ ಕಾಣುವುದಿಲ್ಲ. ‘ಪೂರ್ತಿ ಮುಚ್ಚಿದರೆ ಆಟವಾಗುವುದಿಲ್ಲ’ ಎಂದು ಅಕ್ಕ ಜಗಳವಾಡುತ್ತಾಳೆ. ಆ ಜಗಳದಲ್ಲಿ ಮಗುವಿಗೆ ನ್ಯಾಯದ ಮೊದಲ ಪಾಠವಾಗುತ್ತದೆ: ಅಡಗಿಸಿದ್ದು ಕಾಣುವಂತಿರಬೇಕು, ಕಂಡರೂ ತೋರದಂತಿರಬೇಕು. ಎಂಟು ಒಂಬತ್ತರ ವಯಸ್ಸಿಗೆ ಮಗು ದೃಶ್ಯವನ್ನು ಮೊದಲು ಬರೆದು, ಅದರ ರೇಖೆಗಳಲ್ಲಿ ಜಾಗ ಹುಡುಕುತ್ತದೆ. ಬಿದಿಗೆಯ ಚಂದ್ರನಲ್ಲಿ ಬಾಳೆಹಣ್ಣು, ಬೇಲಿಯ ಕಡ್ಡಿಗಳಲ್ಲಿ ಬಾಚಣಿಗೆ, ಮರದ ಕೊಂಬೆಯಲ್ಲಿ ಸೌಟು, ಮನೆಯ ಹೊಗೆಕೊಳವೆಯಲ್ಲಿ ಲಟ್ಟಣಿಗೆ. ಇದನ್ನು ಮಾಡಲು ಸೌಟಿನ ಹಿಡಿ ಎಲ್ಲಿ ಬಾಗುತ್ತದೆ, ಲಟ್ಟಣಿಗೆಯ ತುದಿ ಎಷ್ಟು ಸಪೂರ ಎಂಬುದನ್ನು ಮಗು ಅಡಿಗೆಮನೆಗೆ ಹೋಗಿ ನೋಡಿಬರಬೇಕಾಗುತ್ತದೆ. ಹುಡುಕುವವನು ವಸ್ತುವನ್ನು ಒಮ್ಮೆ ನೋಡುತ್ತಾನೆ. ಅಡಗಿಸುವವನು ಹತ್ತು ಸಲ ನೋಡುತ್ತಾನೆ. ಸಿದ್ಧವಾದ ಒಗಟಿಗಿಂತ ತಾನೇ ರಚಿಸಿದ್ದು ಹೆಚ್ಚೆಂದು ನಾವು ಹೇಳುವುದು ಈ ಕಾರಣಕ್ಕೆ.

ಚಿತ್ರ ಬರೆಯಲು ಒಲ್ಲದ ಮಕ್ಕಳು ವಿಕ್ ಅವರ ದಾರಿ ಹಿಡಿಯುತ್ತಾರೆ. ಜಮಖಾನದ ಮೇಲೆ ಮನೆಯ ಸಾಮಾನುಗಳನ್ನೆಲ್ಲ ಹರಡಿ ಫೋನಿನಲ್ಲಿ ಚಿತ್ರ ತೆಗೆದರೆ ಆಯಿತು. ನವರಾತ್ರಿಯ ಗೊಂಬೆಯ ಹಂತಗಳು ಇದಕ್ಕೆ ಹೇಳಿ ಮಾಡಿಸಿದ ರಂಗ. ಪಟ್ಟದ ಗೊಂಬೆಗಳ ಹಿಂದೆ, ಚೆನ್ನಪಟ್ಟಣದ ಬಣ್ಣದ ಗೊಂಬೆಗಳ ನಡುವೆ, ರಾಗಿ ಮೊಳಕೆಯ ಪುಟ್ಟ ಹೊಲದಲ್ಲಿ ಕವಡೆಯೊಂದನ್ನೋ ಊದಿನಕಡ್ಡಿಯ ಗೂಡನ್ನೋ ಕುಂಕುಮದ ಭರಣಿಯನ್ನೋ ಅಡಗಿಸಿಟ್ಟು, ಬಂದ ಅತಿಥಿಗಳಿಗೆ ಪಟ್ಟಿ ಕೊಡುವುದನ್ನು ಯಾವ ಮನೆಯಲ್ಲಿಯೂ ಮಾಡಬಹುದು.

ಈಗ ಆ ಪಟ್ಟಿಯ ಮಾತಿಗೆ ಬರೋಣ. ಇಂದಿನ ನಮ್ಮ ಮುಖ್ಯ ಚಿಂತೆ ಅದೇ. 1965ರ ವಲಸೆ ಕಾಯಿದೆಯ ಬಳಿಕ ಕನ್ನಡ ಕುಟುಂಬಗಳು ಈ ದೇಶಕ್ಕೆ ಹೆಚ್ಚಾಗಿ ಬರತೊಡಗಿದವು. ಬಂದವರು ಪೆಟ್ಟಿಗೆಯಲ್ಲಿ ಚಕ್ಕುಲಿ ಒರಳನ್ನೂ ಒಗ್ಗರಣೆ ಸೌಟನ್ನೂ ತಂದರು. ವಸ್ತು ಬಂದಿತು, ಬಳಕೆಯೂ ಬಂದಿತು. ಆದರೆ ಇಲ್ಲಿ ಹುಟ್ಟಿದ ಮಕ್ಕಳ ಬಾಯಿಗೆ ಹೆಸರು ಬರಲಿಲ್ಲ. ಮಗುವಿಗೆ ಮೊರ ಗೊತ್ತು. ಅಜ್ಜಿ ಬಂದಾಗ ಅಕ್ಕಿ ಕೇರುವುದನ್ನು ನೋಡಿದೆ. ಅದನ್ನು ಪಟ್ಟಿಯಲ್ಲಿ ಬರೆಯಬೇಕಾದಾಗ ಪೆನ್ಸಿಲು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಅದಕ್ಕೆ ದಿನಬಳಕೆಯ ಹೆಸರಿಲ್ಲ, ಕನ್ನಡದ ಹೆಸರು ಮಗುವಿಗೆ ತಿಳಿಯದು. ಹೆಸರಿಲ್ಲದ ವಸ್ತುವನ್ನು ಮಗು ಪಟ್ಟಿಯಿಂದ ಬಿಡುತ್ತದೆ. ಪಟ್ಟಿಯಿಂದ ಬಿಟ್ಟದ್ದನ್ನು ಚಿತ್ರದಿಂದಲೂ ಬಿಡುತ್ತದೆ. ಹೀಗೆ ಕಡಗೋಲು ಹೋಗಿ ಅದರ ಜಾಗದಲ್ಲಿ ಹಾಕಿ ಕೋಲು ಬರುತ್ತದೆ. ಈಳಿಗೆಮಣೆ ಹೋಗಿ ಕತ್ತರಿ ಬರುತ್ತದೆ. ಹಾಕಿ ಕೋಲಿನ ಮೇಲೆ ನಮಗೆ ದ್ವೇಷವಿಲ್ಲ. ಆದರೆ ಭಾಷೆಯೊಂದು ಮನೆಯಿಂದ ಹೊರಡುವಾಗ ಬಾಗಿಲು ಬಡಿದು ಹೊರಡುವುದಿಲ್ಲ. ಹೀಗೆ ಒಂದೊಂದೇ ನಾಮಪದವಾಗಿ, ಸದ್ದಿಲ್ಲದೆ, ಸೆಂಟರ್‌ವಿಲ್‌ನಿಂದ ಸರಿದ ಆ ಸೈನ್ಯದ ಹಾಗೆ ಹೊರಡುತ್ತದೆ. ನಾವು ಕಿಂಡಿಯಲ್ಲಿ ಕಂಡದ್ದು ತೋಪಲ್ಲ, ದಿಮ್ಮಿ ಎಂದು ತಿಳಿಯುವುದು ಆಮೇಲೆ.

ಆದುದರಿಂದ ನಮ್ಮ ಸಲಹೆ ಸರಳವಾದದ್ದು. ಮಗು ಅಡಗುಚಿತ್ರ ರಚಿಸುವಾಗ ಪಟ್ಟಿಯ ಅರ್ಧ ಭಾಗವನ್ನಾದರೂ ಕನ್ನಡದಲ್ಲಿ, ಕನ್ನಡ ಅಕ್ಷರದಲ್ಲಿ ಬರೆಯಲಿ. ಹೆಸರು ತಿಳಿಯದಿದ್ದರೆ ಊರಿನಲ್ಲಿರುವ ಅಜ್ಜಿ ತಾತಂದಿರನ್ನು ಫೋನಿನಲ್ಲಿ ಕೇಳಲಿ. ಅಲ್ಲಿ ಇನ್ನೊಂದು ಸೊಗಸೂ ಇದೆ. ತಾಯಿಯ ಕಡೆಯವರು ಮೈಸೂರಿನವರಾದರೆ ಈಳಿಗೆಮಣೆ ಎಂದಾರು; ತಂದೆಯ ಕಡೆಯವರು ಕರಾವಳಿಯವರಾದರೆ ಅದೇ ವಸ್ತುವನ್ನು ಮೆಟ್ಟುಕತ್ತಿ ಎಂದಾರು. ಪಟ್ಟಿಯಲ್ಲಿ ಯಾವುದನ್ನು ಬರೆಯಬೇಕೆಂಬ ವಾದ ಎದ್ದರೆ ಏಳಲಿ. ಕನ್ನಡವು ಒಂದಲ್ಲ ಹಲವು ಎಂಬುದು ಮಗುವಿಗೆ ಅದರಿಂದ ತಿಳಿಯುತ್ತದೆ. ಪೂರ್ಣಗೊಂಡ ಚಿತ್ರವನ್ನು ಊರಿಗೆ ಕಳುಹಿಸಿ ಅಜ್ಜಿಯಿಂದ ಹುಡುಕಿಸಲಿ. ಮೊಮ್ಮಗುವಿನ ಕನ್ನಡ ತಪ್ಪಿರಬಹುದೆಂಬ ಭಯವಿಲ್ಲದೆ ಎರಡು ತಲೆಮಾರುಗಳು ಒಂದೇ ಹಾಳೆಯನ್ನು ನೋಡುವ ಅವಕಾಶಗಳು ನಮಗೆ ಹೆಚ್ಚಾಗಿ ದೊರೆಯುವುದಿಲ್ಲ.

ಆದರೆ ಒಂದು ಎಚ್ಚರ. ಹಿರಿಯರಾದ ನಮಗೆ ಯಾವ ಆಟ ಕಂಡರೂ ಅದನ್ನು ಪಾಠವಾಗಿಸುವ ಚಪಲವಿದೆ. ಮಗುವಿನ ಚಿತ್ರವನ್ನು ಕಸಿದುಕೊಂಡು ‘ಇದರಲ್ಲಿ ಇಪ್ಪತ್ತು ಕನ್ನಡ ಶಬ್ದ ಇರಲೇಬೇಕು, ಒತ್ತಕ್ಷರ ಸರಿಯಾಗಿ ಬರೆ’ ಎಂದು ಕೂರಿಸಿದರೆ, ಮಗು ಅಡಗಿಸುವ ಮುಂದಿನ ವಸ್ತು ತಾನೇ ಆಗಿರುತ್ತದೆ. ಮುಮ್ಮಡಿಯವರು ಕುದುರೆಯ ನಡೆಯನ್ನು ಹುಡುಕಿದ್ದು ಪರೀಕ್ಷೆಗಾಗಿ ಅಲ್ಲ. ಬೇಲೂರಿನ ನೊಣವನ್ನು ಕೆತ್ತಿದ ಶಿಲ್ಪಿಯೂ ಯಾರೂ ನೋಡದಿರಬಹುದಾದ ಎತ್ತರದಲ್ಲಿ ಅದನ್ನು ಕೆತ್ತಿದನು. ಕೆತ್ತುವ ಸಂತೋಷವಿಲ್ಲದಿದ್ದರೆ ಅಷ್ಟು ಎತ್ತರಕ್ಕೆ ನೊಣ ಹಾರುತ್ತಿರಲಿಲ್ಲ. ನಾವು ಮಾಡಬೇಕಾದದ್ದು ಹೆಚ್ಚೇನಿಲ್ಲ: ಮಗು ‘ಅಮ್ಮಾ, ಇದಕ್ಕೆ ಏನಂತಾರೆ?’ ಎಂದು ಕೇಳಿದಾಗ ಕೈಯಲ್ಲಿರುವ ಕೆಲಸವನ್ನು ಬದಿಗಿಟ್ಟು ಉತ್ತರ ಹೇಳುವುದು. ‘ಹುಡುಕಿ’ ಎಂದಾಗ ನಿಜವಾಗಿಯೂ ಕುಳಿತು ಹುಡುಕುವುದು. ಸಿಗದಿದ್ದರೆ ಸಿಗಲಿಲ್ಲವೆಂದು ಒಪ್ಪಿಕೊಳ್ಳುವುದು.

ಈ ಬಾರಿಯ ನವರಾತ್ರಿಗೆ ಪ್ರತಿ ಮನೆಯಿಂದ ಒಂದು ಅಡಗುಚಿತ್ರ ಸಂಘಕ್ಕೆ ಬರಲಿ, ಅದನ್ನು ಮುಂದಿನ ಸಂಚಿಕೆಯಲ್ಲಿ ಅಚ್ಚುಮಾಡಲಿ ಎಂದು ಕಾರ್ಯಕಾರಿ ಸಮಿತಿಯನ್ನು ಕೇಳಿಕೊಳ್ಳುತ್ತೇವೆ. ಪಟ್ಟಿಯಲ್ಲಿ ಮೊರವೂ ಕಡಗೋಲೂ ಕಂಡುಬಂದರೆ ನಮಗೆ ಸಂತೋಷ. ಅಟ್ಲಾಂಟದ, ಕ್ಯಾರೊಲಿನಗಳ ಕನ್ನಡ ಕೂಟಗಳಲ್ಲಿರುವ ಮಕ್ಕಳಿಗೂ ಅವನ್ನು ಕಳುಹಿಸಿಕೊಟ್ಟು ಅವರ ಚಿತ್ರಗಳನ್ನು ನಾವು ತರಿಸಿಕೊಳ್ಳಬಹುದು.